ಸ್ಪರ್ಶಕ, ತ್ರಿಜ್ಯ ಮತ್ತು ಹಳೆಯ ಪಿಕಪ್‌ನ ಮುಂದಿನ ಚಕ್ರಗಳು

ತರಗತಿ: 10. ವಿಷಯ: ಗಣಿತ. ಘಟಕ: ವೃತ್ತಗಳು.
ಕಲಿಕಾಂಶ: ವೃತ್ತದ ಸ್ಪರ್ಶಕವು ಸ್ಪರ್ಶಬಿಂದುವಿನಲ್ಲಿ ಎಳೆದ ತ್ರಿಜ್ಯಕ್ಕೆ ಲಂಬವಾಗಿರುತ್ತದೆ.
ಅವಧಿ: 40 ನಿಮಿಷಗಳ ಎರಡು ಅವಧಿಗಳು, ಮೊದಲನೆಯದು ಮೈದಾನದಲ್ಲಿ.

ಈ ಪ್ರಮೇಯವನ್ನು ಬರೆಯುವುದು ನಮ್ಮ ಅಭ್ಯಾಸ ಶಾಲೆಯ ಮಕ್ಕಳಿಗೆ ಕಷ್ಟವಾಗಿರಲಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಶೀರ್ಷಿಕೆ ಹಾಕುತ್ತಾರೆ. ಸ್ಪರ್ಶಕದ ಮೇಲೆ ಇನ್ನೊಂದು ಬಿಂದುವನ್ನು ಹಿಡಿದು, ಕೇಂದ್ರದಿಂದ ಅದರ ದೂರ ತ್ರಿಜ್ಯಕ್ಕಿಂತ ಹೆಚ್ಚು ಎಂದು ತೋರಿಸಿ, ಅತಿ ಕಡಿಮೆ ದೂರವೇ ಲಂಬದೂರ ಎಂದು ಮುಗಿಸುತ್ತಾರೆ. ತರಗತಿಯ ಗಣಿತ ಶಿಕ್ಷಕರು ಇದನ್ನು ನಾಲ್ಕೈದು ಸಲ ಬರೆಸಿದ್ದರು. ಪೂರ್ವಪರೀಕ್ಷೆಯಲ್ಲಿ ನಾನು ಅದನ್ನೇ ತಿರುಗಿಸಿ ಕೇಳಿದೆ. ಒಂದೇ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳಿವೆ, ಸ್ಪರ್ಶಬಿಂದುಗಳನ್ನು ಗುರುತಿಸಿದೆ, ಆದರೆ ವೃತ್ತ ಅಳಿಸಿಹೋಗಿದೆ, ಕೇಂದ್ರ ಎಲ್ಲಿದೆ? ನಾಲ್ಕೈದು ಮಂದಿಯನ್ನು ಬಿಟ್ಟರೆ ಉಳಿದವರೆಲ್ಲ ಕಣ್ಣಂದಾಜಿನಲ್ಲಿ ಒಂದು ಚುಕ್ಕೆ ಇಟ್ಟು ಸುಮ್ಮನಾದರು. ಪ್ರಮೇಯ ಅವರ ಬಳಿ ಇತ್ತು. ಅದು ಯಾವ ಪ್ರಶ್ನೆಗೆ ಉತ್ತರ ಎಂಬುದು ಇರಲಿಲ್ಲ.

ನಾವು ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯ ಪರಿಚಯ ಹಂತದಲ್ಲಿ ನಿತ್ಯಜೀವನದ ಉದಾಹರಣೆಯೊಂದನ್ನು ಬರೆದೇ ಬರೆಯುತ್ತೇವೆ. ಸೈಕಲ್ ಚಕ್ರದ ಚಿತ್ರ ತೋರಿಸಿ, ರಸ್ತೆಯೇ ಸ್ಪರ್ಶಕ ಎಂದು ಹೇಳಿ, ಮೂರನೆಯ ನಿಮಿಷಕ್ಕೆ ಚಿತ್ರ ಸುತ್ತಿಟ್ಟು ಕಪ್ಪುಹಲಗೆಯತ್ತ ತಿರುಗುತ್ತೇವೆ. ಆ ಚಿತ್ರವಿಲ್ಲದಿದ್ದರೂ ಪಾಠ ಹಾಗೆಯೇ ನಡೆಯುತ್ತಿತ್ತು. ಪ್ರಮೇಯವಿಲ್ಲದೆ ಬಿಡಿಸಲಾಗದ ಒಂದು ಪ್ರಶ್ನೆ ನನಗೆ ಬೇಕಿತ್ತು. ಅದು ದಸರಾ ರಜೆಯಲ್ಲಿ ನಮ್ಮ ಮನೆಯ ಪಿಕಪ್‌ನ ಕೆಳಗೆ ಸಿಕ್ಕಿತು.

ಗಾಡಿಯ ಕೆಲಸ

ಪಿಯುಸಿ ಆದ ಮೇಲೆ ಎರಡು ವರ್ಷ ನಾನು ತಿಪಟೂರಿನ ಹತ್ತಿರ ನನ್ನ ಸೋದರಮಾವನ ಗ್ಯಾರೇಜಿನಲ್ಲಿದ್ದೆ. ಈ ಕೋರ್ಸಿಗೆ ಸೇರಿದ್ದು ಆಮೇಲೆ. ಗಾಡಿ ಹಳೆಯದು. ತೋಟದಿಂದ ತೆಂಗಿನಕಾಯಿ, ಮಾರುಕಟ್ಟೆಗೆ ಕೊಬ್ಬರಿ ಚೀಲ ಹೊತ್ತು ಅದರ ಮುಂಭಾಗ ಸೋತಿತ್ತು. ನೇರ ರಸ್ತೆಯಲ್ಲೂ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇರಬೇಕು. ಮುಂದಿನ ಟೈರನ್ನು ಒಂದು ಕಡೆಯಿಂದ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಗರಗಸ. ಹೊಸ ಟೈರು ಒಂದು ಹಂಗಾಮಿಗೂ ಬರುತ್ತಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಮೂರು ಸಲ ಅಲೈನ್‌ಮೆಂಟ್ ಮಾಡಿಸಿ ಅಪ್ಪ ದುಡ್ಡು ಕೊಟ್ಟಿದ್ದರು. ಕೀಲುಗಳು ಸಡಿಲವಿರುವಾಗ ಅಲೈನ್‌ಮೆಂಟ್ ಮಾಡುವುದೆಂದರೆ ಜಾರುವ ಅಳತೆಪಟ್ಟಿ ಹಿಡಿದು ಗೆರೆ ಎಳೆದ ಹಾಗೆ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅಳತೆ ಬದಲಾಗಿರುತ್ತದೆ. ಗಾಡಿ ಮಾರುವುದೋ ಮುಂಭಾಗ ಪೂರ್ತಿ ಬಿಚ್ಚಿ ಕಟ್ಟುವುದೋ ಎಂಬ ಮಾತು ಮನೆಯಲ್ಲಿ ನಡೆದಿತ್ತು. ಹೊಸ ಗಾಡಿಯ ಕಂತು ಕಟ್ಟುವ ಸ್ಥಿತಿ ನಮ್ಮದಾಗಿರಲಿಲ್ಲ.

ಓದುಗರಲ್ಲಿ ಹೆಚ್ಚಿನವರಿಗೆ ಗಾಡಿಯ ಹೊಟ್ಟೆಯೊಳಗಿನ ಪರಿಚಯ ಇರಲಾರದು. ನಮ್ಮ ಗಾಡಿಯ ಮುಂದಿನ ಆಕ್ಸಲ್ ಒಂದೇ ಉಕ್ಕಿನ ತೊಲೆ. ಅದು ಎರಡು ಪಟ್ಟಿ ಸ್ಪ್ರಿಂಗುಗಳ ಕೆಳಗೆ ಯು-ಬೋಲ್ಟುಗಳಿಂದ ಬಿಗಿದುಕೊಂಡಿರುತ್ತದೆ. ಸ್ಪ್ರಿಂಗಿನ ಪಟ್ಟಿಗಳನ್ನೆಲ್ಲ ಪೋಣಿಸುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಂಡಿಯಲ್ಲಿ ಕೂತು, ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ನೇರವಾಗಿ ಪಿನ್ ಆಗಿರುತ್ತದೆ. ಇನ್ನೊಂದು ತುದಿಗೆ ಶ್ಯಾಕಲ್ ಎಂಬ ಸಣ್ಣ ಉಯ್ಯಾಲೆ. ಬಾಗಿದ ಪಟ್ಟಿ ಭಾರಕ್ಕೆ ನೇರವಾದಾಗ ಅದರ ತುದಿಗಳ ನಡುವಿನ ದೂರ ಹೆಚ್ಚುತ್ತದೆ, ಆ ಹೆಚ್ಚಳಕ್ಕೆ ಜಾಗ ಕೊಡುವುದು ಶ್ಯಾಕಲ್.

ತೊಲೆಯ ಎರಡು ತುದಿಗಳಲ್ಲಿ ಬಾಗಿಲಿಗೆ ತಿರುಗಣಿ ಇದ್ದ ಹಾಗೆ ಕಿಂಗ್ ಪಿನ್ ಇರುತ್ತದೆ. ಚಕ್ರ ಹೊತ್ತ ಸ್ಟಬ್ ಆಕ್ಸಲ್ ಆ ಪಿನ್ನಿನ ಸುತ್ತ ಎಡಬಲಕ್ಕೆ ತಿರುಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೆ ಸ್ಟಿಯರಿಂಗ್ ಬಾಕ್ಸ್, ಅದರಿಂದ ಡ್ರಾಪ್ ಆರ್ಮ್, ಅದರಿಂದ ಡ್ರ್ಯಾಗ್ ಲಿಂಕ್, ಅದರಿಂದ ಒಂದು ಬದಿಯ ಸ್ಟಬ್ ಆಕ್ಸಲ್. ಆ ಬದಿಯಿಂದ ಇನ್ನೊಂದು ಬದಿಗೆ ತಿರುವನ್ನು ಒಯ್ಯುವುದು ಟೈ ರಾಡ್. ಪ್ರತಿ ಕೀಲಿನಲ್ಲೂ ಒಂದಿಷ್ಟು ಸವೆತ ಸೇರಿದರೆ ಕೊನೆಗೆ ಅದೆಲ್ಲ ಚಾಲಕನ ಕೈಯಲ್ಲಿ ಕಾಣಿಸುತ್ತದೆ.

ಮಾವ ಪಾನಾ ಮುಟ್ಟಲು ಬಿಡದೆ ಮೊದಲು ಹೇಳಿದ್ದು, "ಬಿಚ್ಚೋಕೆ ಮುಂಚೆ ಅಳತೆ ಎಲ್ಲಾ ಬರ್ಕೊಳೋ, ಆಮೇಲೆ ಸಿಗಲ್ಲ." ಬರೆದುಕೊಂಡ ಅಳತೆಗಳೇ ಮುಂದೆ ನನ್ನ ಪಾಠಕ್ಕೆ ಆಧಾರವಾದವು. 40 ಸೆಂ.ಮೀ ವ್ಯಾಸದ ಸ್ಟಿಯರಿಂಗ್ ಚಕ್ರದ ಅಂಚು 9 ಸೆಂ.ಮೀ ಸರಿದ ಮೇಲಷ್ಟೇ ರಸ್ತೆಯ ಚಕ್ರ ಅಲುಗುತ್ತಿತ್ತು. ಎಡಗಡೆ ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕಿರುವ ದೂರ, ಬಲಗಡೆಗಿಂತ 14 ಮಿ.ಮೀ ಕಡಿಮೆ ಇತ್ತು. ಮುಂದಿನ ಎರಡು ಟೈರುಗಳ ನಡುವಿನ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ 9 ಮಿ.ಮೀ ಹೆಚ್ಚಿತ್ತು, ಅಂದರೆ ಚಕ್ರಗಳು ಹೊರಕ್ಕೆ ಮುಖ ಮಾಡಿದ್ದವು.

ಗಾಡಿಯನ್ನು ಜಾಕಿಯಲ್ಲಿ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆ ಪರೀಕ್ಷೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಅದು ಬೇರಿಂಗಿನದೂ ಇರಬಹುದು, ಕಿಂಗ್ ಪಿನ್ನಿನದೂ ಇರಬಹುದು. ಬೇರ್ಪಡಿಸುವ ಉಪಾಯ ಸರಳ: ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಹಬ್ಬು ಸ್ಟಬ್ ಆಕ್ಸಲ್ಲಿಗೆ ಬಂಧಿಯಾಗುತ್ತದೆ, ಬೇರಿಂಗಿನ ಸಡಿಲ ಮಾಯವಾಗುತ್ತದೆ. ಉಳಿದದ್ದು ಕಿಂಗ್ ಪಿನ್ನಿನ ಸಡಿಲ. ಒಂದು ಚಲಕವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ನೋಡುವ ವಿಜ್ಞಾನದ ವಿಧಾನ ಇದೇ ಅಲ್ಲವೇ? ವಿಜ್ಞಾನ ಪಾಠಕ್ಕೆಂದು ಅದನ್ನು ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ. ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲುಗಿಸಿದರೆ ಟೈ ರಾಡ್ ತುದಿಗಳ ಸ್ಥಿತಿ ತಿಳಿಯುತ್ತದೆ. ನಮ್ಮದರಲ್ಲಿ ಎಲ್ಲವೂ ಸವೆದಿದ್ದವು.

ಆರು ದಿನ ಹಿಡಿಯಿತು. ಟೈ ರಾಡ್ ತುದಿಯ ನಟ್ಟು ಸಡಿಲಿಸಿ, ಅದು ಕೂತ ಕಣ್ಣಿನ ಎರಡೂ ಪಕ್ಕದಲ್ಲಿ ಏಕಕಾಲಕ್ಕೆ ಎರಡು ಸುತ್ತಿಗೆಯಿಂದ ಹೊಡೆದರೆ ಕೋನಾಕಾರದ ಹಿಡಿತ ಬಿಡುತ್ತದೆ. ಹಳೆಯ ತುದಿ ಎಷ್ಟು ಸುತ್ತಿಗೆ ಬಿಚ್ಚಿತೋ ಹೊಸದನ್ನೂ ಅಷ್ಟೇ ಸುತ್ತು ಹಾಕಿದರೆ ಅಳತೆ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಎಡಗಡೆಯ ಸ್ಪ್ರಿಂಗ್ ಬಿಚ್ಚಿದಾಗ ಆ 14 ಮಿ.ಮೀ ಎಲ್ಲಿಂದ ಬಂತೆಂದು ಗೊತ್ತಾಯಿತು: ಸೆಂಟರ್ ಬೋಲ್ಟು ಕತ್ತರಿಸಿಹೋಗಿ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಜಾರಿತ್ತು. ಎರಡನೆಯ ಪಟ್ಟಿಯೂ ಬಿರುಕು ಬಿಟ್ಟಿತ್ತು. ಶ್ಯಾಕಲ್ ಬುಷ್ಷುಗಳು ಉರುಟಾಗಿ ಉಳಿದಿರಲಿಲ್ಲ, ಮೊಟ್ಟೆಯ ಆಕಾರಕ್ಕೆ ಬಂದಿದ್ದವು.

ಹೆಚ್ಚು ಹೊತ್ತು ತಿಂದದ್ದು ಕಿಂಗ್ ಪಿನ್. ಪಿನ್ನನ್ನು ಆಕ್ಸಲ್ಲಿಗೆ ಬಂಧಿಸುವ ಲಾಕ್ ಪಿನ್ ತೆಗೆದು, ಕಾಯಿಸಿ, ಬಡಿದು, ಒಂದು ಬದಿಯದನ್ನು ಹೊರತರಲು ಅರ್ಧ ದಿನ ಬೇಕಾಯಿತು. ಹಳೆಯ ಬುಷ್ ತೆಗೆದು ಹೊಸದನ್ನು ಒತ್ತುವಾಗ ಬುಷ್ಷಿನ ತೂತು ಗ್ರೀಸ್ ನಿಪ್ಪಲ್ಲಿನ ದಾರಿಗೆ ಸರಿಯಾಗಿ ಎದುರಾಗಿರಬೇಕು. ಇಲ್ಲದಿದ್ದರೆ ಎಷ್ಟು ಗ್ರೀಸ್ ಒತ್ತಿದರೂ ಪಿನ್ನಿಗೆ ತಲುಪುವುದಿಲ್ಲ. ಆಮೇಲೆ ರೀಮರ್. ಮೇಲಿನ ಮತ್ತು ಕೆಳಗಿನ ಬುಷ್ಷುಗಳನ್ನು ಒಂದೇ ಸಾಲಿನಲ್ಲಿ ಸ್ವಲ್ಪ ಸ್ವಲ್ಪವೇ ಕೊರೆಯುತ್ತ ಪಿನ್ ಹಾಕಿ ನೋಡುವುದು. ಪಿನ್ ಹೆಬ್ಬೆರಳಿನ ಒತ್ತಡಕ್ಕೆ ಇಳಿಯಬೇಕು, ತಾನಾಗಿ ಬೀಳಬಾರದು. ಭಾರ ಹೊರುವ ಥ್ರಸ್ಟ್ ಬೇರಿಂಗು ಕೆಳಗೆ, ಉಳಿದ ಸಂದಿಗೆ ಮೇಲೆ ತೆಳು ಶಿಮ್.

ಕೊನೆಗೆ ಚಕ್ರಗಳ ಮುಖ ಹೊಂದಿಸುವುದು. ಎರಡೂ ಟೈರಿನ ಮಧ್ಯೆ ಸೀಮೆಸುಣ್ಣದ ಗುರುತು ಹಾಕಿ, ಹಬ್ಬಿನ ಎತ್ತರದಲ್ಲಿ ಮುಂಬದಿಯಲ್ಲಿ ಅಂತರ ಅಳೆಯಬೇಕು. ಗಾಡಿಯನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದೆ ತಳ್ಳಿ, ಅದೇ ಗುರುತುಗಳು ಹಿಂಬದಿಗೆ ಬಂದಾಗ ಮತ್ತೆ ಅಳೆಯಬೇಕು. ಗುರುತು ಅದೇ ಆಗಿರುವುದರಿಂದ ರಿಮ್ಮಿನ ಸಣ್ಣ ಓರೆ ಲೆಕ್ಕಕ್ಕೆ ಬರುವುದಿಲ್ಲ. ಟೈ ರಾಡ್ ತಿರುಗಿಸಿ ಮುಂಬದಿಯ ಅಂತರ 3 ಮಿ.ಮೀ ಕಡಿಮೆ ಇರುವಂತೆ ನಿಲ್ಲಿಸಿದೆವು. ಸ್ಟಿಯರಿಂಗ್ ಅಂಚಿನ ಆಟ 9 ಸೆಂ.ಮೀ ಇದ್ದದ್ದು ಎರಡೂವರೆಗೆ ಇಳಿಯಿತು.

ಮೈದಾನದ ಅವಧಿ

ಪಾಠಯೋಜನೆ ತೋರಿಸಿದಾಗ ಮಾರ್ಗದರ್ಶಿ ಉಪನ್ಯಾಸಕರು ಅದನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. "ಗ್ಯಾರೇಜು ಮುಗಿದು ಗಣಿತ ಎಲ್ಲಿ ಶುರುವಾಗುತ್ತದೆ, ಅಲ್ಲಿ ಕೆಂಪು ಗೆರೆ ಎಳೆದು ತನ್ನಿ" ಎಂದರು. ಶಾಲೆಯ ಗಣಿತ ಶಿಕ್ಷಕರ ಚಿಂತೆ ಬೇರೆ: ಘಟಕ ಪರೀಕ್ಷೆ ಹತ್ತಿರವಿದೆ, ಪ್ರಮೇಯಕ್ಕೆ ಎರಡು ಅವಧಿ ಹೆಚ್ಚಾಯಿತಲ್ಲ? ಇಬ್ಬರ ಮಾತೂ ನ್ಯಾಯವಾದದ್ದೇ. ಆದ್ದರಿಂದ ಬಿಡಿಭಾಗಗಳ ಹೆಸರು, ರಿಪೇರಿಯ ಕ್ರಮ ಯಾವುದನ್ನೂ ತರಗತಿಗೆ ತರಲಿಲ್ಲ. ತೊಳೆದು ಒರೆಸಿದ ಹಳೆಯ ಕಿಂಗ್ ಪಿನ್ ಮತ್ತು ಟೈ ರಾಡ್ ತುದಿ ಮಾತ್ರ ಮೇಜಿನ ಮೇಲಿದ್ದವು. ಪ್ರಶ್ನೆ ಒಂದೇ: ಗಾಡಿ ತಿರುಗುವಾಗ ಮುಂದಿನ ಎರಡು ಚಕ್ರಗಳು ಒಂದೇ ಕೋನಕ್ಕೆ ತಿರುಗಬೇಕೇ?

ಎಲ್ಲರೂ ಹೌದು ಎಂದರು. ಒಂದೇ ಸ್ಟಿಯರಿಂಗ್, ಒಂದೇ ಕೋನ.

ನಾನು ಎತ್ತಿನ ಗಾಡಿಯಿಂದ ಶುರುಮಾಡಿದೆ. ಅದಕ್ಕೆ ಎರಡು ಚಕ್ರ, ಒಂದು ಅಚ್ಚು. ಅದು ತಿರುಗಲು ಯಾವ ತೊಂದರೆಯೂ ಇಲ್ಲ. ನಾಲ್ಕು ಚಕ್ರವಾದರೆ? ಆಗ ಹಿಂದಿನ ಸಾಲಿನ ಹುಡುಗನೊಬ್ಬ, "ಸಾರ್, ನಮ್ಮೂರ ತೇರು ತಿರುಗಲ್ಲ. ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಕೊಟ್ಟು ತಿರುಗಿಸ್ತಾರೆ" ಎಂದ. ನನ್ನ ಪಾಠಯೋಜನೆಯಲ್ಲಿ ತೇರು ಇರಲಿಲ್ಲ. ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದೂ ಇರಲಿಲ್ಲ. ಅಚ್ಚುಗಳು ಕದಲದ ತೇರು ತಾನಾಗಿ ಯಾಕೆ ತಿರುಗುವುದಿಲ್ಲ ಎಂಬುದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಉತ್ತರವನ್ನು ಮೈದಾನದಲ್ಲಿ ಹುಡುಕೋಣ ಎಂದೆ.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗಾಡಿಯ ನಿಜವಾದ ಅಳತೆಯ ಆಯತ ಹಾಕಿದೆವು: ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀ, ಎಡಬಲದ ನಡುವೆ 1.2 ಮೀ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿದಿರು ಕಡ್ಡಿಗಳೇ ಚಕ್ರಗಳು. ಹಿಂದಿನ ಕಡ್ಡಿಗಳು ನೇರವಾಗಿಯೇ ಇರಬೇಕು, ಯಾಕೆಂದರೆ ಹಿಂದಿನ ಚಕ್ರ ಎಡಬಲಕ್ಕೆ ತಿರುಗುವುದಿಲ್ಲ. ಮುಂದಿನವನ್ನು ಬೇಕಾದ ಹಾಗೆ ತಿರುಗಿಸಬಹುದು. ಚಕ್ರ ಉಜ್ಜದೆ ಉರುಳಬೇಕಾದರೆ ಕಡ್ಡಿಯ ದಿಕ್ಕು ಆ ಚಕ್ರದ ದಾರಿಗೆ ಸ್ಪರ್ಶಕವಾಗಿರಬೇಕು. ಇಷ್ಟನ್ನು ಮಾತ್ರ ನಾನು ಹೇಳಿದೆ. ಕೆಂಪು ಗೆರೆ ಎಳೆದದ್ದು ಇದೇ ವಾಕ್ಯದ ಕೆಳಗೆ.

ಮೊದಲು ಮುಂದಿನ ಎರಡೂ ಕಡ್ಡಿಗಳನ್ನು 30 ಡಿಗ್ರಿ ಎಡಕ್ಕೆ ತಿರುಗಿಸಿದರು. ಪ್ರತಿ ಕಡ್ಡಿಗೂ ಮೂಲೆಮಟ್ಟ ಇಟ್ಟು ಲಂಬವಾಗಿ ಹಗ್ಗ ಎಳೆದರು. ಹಿಂದಿನ ಎರಡು ಹಗ್ಗಗಳು ಒಂದೇ ಗೆರೆಯಲ್ಲಿ ಬಂದವು. ಮುಂದಿನವು ಪರಸ್ಪರ ಸಮಾಂತರವಾಗಿ ಹೋಗಿ ಆ ಗೆರೆಯನ್ನು ಎರಡು ಬೇರೆ ಜಾಗಗಳಲ್ಲಿ ಕತ್ತರಿಸಿದವು. "ಎರಡು ಕೇಂದ್ರ ಇದೆ" ಎಂದ ಒಬ್ಬ. "ಗಾಡಿ ಒಂದೇ ಅಲ್ವಾ, ಎರಡು ಕೇಂದ್ರದ ಸುತ್ತ ಹೆಂಗೆ ಹೋಗುತ್ತೆ?" ಎಂದಳು ಹಗ್ಗ ಹಿಡಿದಿದ್ದ ಹುಡುಗಿ. ಆಮೇಲಿನ ಐದು ನಿಮಿಷ ನಾನು ಮಾತಾಡಬೇಕಾಗಲಿಲ್ಲ. ಹಿಂದಿನ ಚಕ್ರಗಳ ಗೆರೆಯ ಮೇಲೆ, ಒಳಗಿನ ಚಕ್ರದಿಂದ 4.4 ಮೀ ದೂರಕ್ಕೆ ಗೂಟ ಹೊಡೆದು, ಆ ಒಂದೇ ಗೂಟದಿಂದ ನಾಲ್ಕೂ ಚಕ್ರಗಳಿಗೆ ಹಗ್ಗ ಎಳೆದು, ಮುಂದಿನ ಕಡ್ಡಿಗಳನ್ನು ತಮ್ಮ ತಮ್ಮ ಹಗ್ಗಕ್ಕೆ ಲಂಬವಾಗಿ ತಿರುಗಿಸಿದರು. ಹಲಗೆಯ ದೊಡ್ಡ ಕೋನಮಾಪಕದಲ್ಲಿ ಒಳಗಿನ ಕಡ್ಡಿ ಹೆಚ್ಚುಕಡಿಮೆ 30 ಡಿಗ್ರಿ, ಹೊರಗಿನದು 24 ಡಿಗ್ರಿ ತೋರಿಸಿತು.

ನಾಲ್ಕು ಹಗ್ಗಗಳ ಉದ್ದ ಅಳೆಯಲು ಹೇಳಿದೆ. ಹಿಂದಿನವು 4.4 ಮತ್ತು 5.6 ಮೀ. ಮುಂದಿನವನ್ನು ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿದರೆ 5.06 ಮತ್ತು 6.13 ಮೀ, ಟೇಪಿನಲ್ಲಿ ಎರಡು ಮೂರು ಸೆಂ.ಮೀ ಆಚೀಚೆ ಬಂತು. ಒಂದು ಕೇಂದ್ರ, ನಾಲ್ಕು ತ್ರಿಜ್ಯ, ನಾಲ್ಕು ವೃತ್ತ. ಮುಂದಿನ ಒಳಚಕ್ರ ಹಿಂದಿನ ಒಳಚಕ್ರಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತದೆ ಎಂದು ಕಂಡ ಕೂಡಲೇ ಒಬ್ಬ, ಬಸ್ಸು ತಿರುಗುವಾಗ ಹಿಂದಿನ ಚಕ್ರ ಮೂಲೆಯ ಕಲ್ಲಿನ ಮೇಲೆ ಹತ್ತುವುದನ್ನು ನೆನಪಿಸಿದ.

ತೇರಿನ ಪ್ರಶ್ನೆಗೆ ಉತ್ತರ ತಾನಾಗಿಯೇ ಬಂತು. ಮುಂದಿನ ಕಡ್ಡಿಗಳನ್ನೂ ನೇರ ಇಟ್ಟರೆ ಮುಂದಿನ ಲಂಬಗೆರೆ, ಹಿಂದಿನ ಲಂಬಗೆರೆ ಸಮಾಂತರ. ಅವು ಸೇರುವುದೇ ಇಲ್ಲ. ಕೇಂದ್ರವಿಲ್ಲದ ಮೇಲೆ ವೃತ್ತ ಎಲ್ಲಿಂದ ಬರಬೇಕು? ತೇರನ್ನು ಉರುಳಿಸಿ ತಿರುಗಿಸಲು ಆಗದು, ಜಾರಿಸಿಯೇ ತಿರುಗಿಸಬೇಕು. ಅದಕ್ಕೇ ಆ ಮರದ ತುಂಡು ಮತ್ತು ಅಷ್ಟು ಜನರ ಶ್ರಮ.

ರಟ್ಟಿನ ತ್ರಾಪಿಜ್ಯ

ಎರಡನೆಯ ಅವಧಿ ಒಳಗೆ. ಒಂದೇ ಟೈ ರಾಡ್ ಎರಡು ಚಕ್ರಗಳನ್ನು ಬೇರೆ ಬೇರೆ ಕೋನಕ್ಕೆ ಹೇಗೆ ತಿರುಗಿಸುತ್ತದೆ? ಇದು ಮಕ್ಕಳೇ ಕೇಳಿದ ಪ್ರಶ್ನೆ. ಉತ್ತರಕ್ಕೆ ರಟ್ಟಿನ ಪಟ್ಟಿ ಮತ್ತು ಗುಂಡುಪಿನ್ನು ಸಾಕು. ಆಕ್ಸಲ್ 24 ಸೆಂ.ಮೀ, ಅದರ ಎರಡು ತುದಿಗಳಿಂದ ಹಿಂದಕ್ಕೆ ಚಾಚಿದ ತೋಳುಗಳು 6 ಸೆಂ.ಮೀ, ತೋಳಿನ ತುದಿಗಳನ್ನು ಸೇರಿಸುವ ಟೈ ರಾಡ್. ಟೈ ರಾಡ್ ಕೂಡ 24 ಸೆಂ.ಮೀ ಇಟ್ಟರೆ ಸಮಾಂತರ ಚತುರ್ಭುಜ. ಎಷ್ಟು ತಿರುಗಿಸಿದರೂ ಎರಡು ತೋಳುಗಳು ಸಮಾಂತರ, ಕೋನಗಳು ಸಮ. ತೋಳುಗಳನ್ನು ಒಳಕ್ಕೆ ಓರೆಯಾಗಿಸಿ, ಅವನ್ನು ಹಿಂದಕ್ಕೆ ಬೆಳೆಸಿದರೆ ಹಿಂದಿನ ಆಕ್ಸಲ್ಲಿನ ಮಧ್ಯದಲ್ಲಿ ಸೇರುವಂತೆ ಇಟ್ಟರೆ, ಟೈ ರಾಡ್ 21.2 ಸೆಂ.ಮೀ ಆಗುತ್ತದೆ. ಈಗ ಅದು ತ್ರಾಪಿಜ್ಯ. ಒಳಗಿನ ತೋಳು ತಿರುಗಿದಷ್ಟು ಹೊರಗಿನದು ತಿರುಗುವುದಿಲ್ಲ.

ಈ ಉಪಾಯ ಮೋಟಾರು ಗಾಡಿಗಿಂತ ಹಳೆಯದು. ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚೇ ನಡುವಿನ ಮೊಳೆಯ ಸುತ್ತ ಪೂರ್ತಿ ತಿರುಗುತ್ತಿತ್ತು. 1817ರಲ್ಲಿ ಮ್ಯೂನಿಕ್‌ನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್ ಚಕ್ರಗಳನ್ನು ಮಾತ್ರ ಬೇರೆ ಬೇರೆಯಾಗಿ ತಿರುಗಿಸುವ ಏರ್ಪಾಡನ್ನು ರೂಪಿಸಿದ. ಅವನ ಪ್ರತಿನಿಧಿಯಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಪೇಟೆಂಟ್ ಪಡೆದವನದು. ಇದನ್ನು ಹೇಳಿದಾಗ, ಟ್ರ್ಯಾಕ್ಟರಿನ ನಾಲ್ಕು ಚಕ್ರದ ಟ್ರೈಲರಿಗೆ ಈಗಲೂ ಮುಂದಿನ ಅಚ್ಚೇ ತಿರುಗುತ್ತದೆ ಎಂದು ಮೂರು ಮಂದಿ ಒಟ್ಟಿಗೆ ಕೂಗಿದರು.

ಗುಂಪುಗಳು ಒಳಗಿನ ತೋಳನ್ನು 30 ಡಿಗ್ರಿ ತಿರುಗಿಸಿ ಹೊರಗಿನದನ್ನು ಅಳೆದವು. 25, 26, 27 ಹೀಗೆ ಬಂತು. ಮೈದಾನದಲ್ಲಿ ಬಂದದ್ದು 24. ರಟ್ಟು ಸಡಿಲ, ಅಳತೆಯ ದೋಷ ಎಂದು ಕೆಲವರು ತಮ್ಮ ಉತ್ತರವನ್ನು 24ಕ್ಕೆ ತಿದ್ದಲು ಹೊರಟರು. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಮುಖ್ಯ ಕ್ಷಣ ಇದು. ತಿದ್ದಬೇಡಿ, ಯಾವ ಗುಂಪಿಗಾದರೂ 24ಕ್ಕಿಂತ ಕಡಿಮೆ ಬಂದಿದೆಯೇ ನೋಡಿ ಎಂದೆ. ಯಾರಿಗೂ ಬಂದಿರಲಿಲ್ಲ. ಬರೀ ಅಳತೆಯ ದೋಷವಾಗಿದ್ದರೆ ಉತ್ತರಗಳು 24ರ ಎರಡೂ ಕಡೆ ಹರಡಬೇಕಿತ್ತಲ್ಲವೇ? ಲೆಕ್ಕ ಹಾಕಿದರೆ ಈ ತ್ರಾಪಿಜ್ಯ ಕೊಡುವುದು 26ರ ಹತ್ತಿರದ ಕೋನವೇ. ಒಳಚಕ್ರ 10 ಡಿಗ್ರಿ ತಿರುಗಿದಾಗ ಬೇಕಾದದ್ದಕ್ಕೂ ಸಿಗುವುದಕ್ಕೂ ವ್ಯತ್ಯಾಸ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು. 30ರಲ್ಲಿ ಸುಮಾರು ಒಂದೂವರೆ ಡಿಗ್ರಿ. ನಾಲ್ಕು ಪಟ್ಟಿಗಳ ತ್ರಾಪಿಜ್ಯ ಪ್ರಮೇಯವನ್ನು ಪೂರ್ತಿ ಪಾಲಿಸುವುದಿಲ್ಲ, ಹತ್ತಿರ ಹತ್ತಿರ ಹೋಗುತ್ತದೆ.

ಹಾಗಿದ್ದರೆ ಸರಿಯಾದದ್ದನ್ನು ಯಾಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಮೇಜಿನ ಮೇಲಿದ್ದ ಸವೆದ ತುದಿಯನ್ನು ಎತ್ತಿ ಕೊಟ್ಟೆ. ಇನ್ನಷ್ಟು ಕೀಲು ಸೇರಿಸಿದರೆ ಇನ್ನಷ್ಟು ಕಡೆ ಸವೆತ. ದೊಡ್ಡ ಕೋನ ಬೇಕಾಗುವುದು ನಿಧಾನವಾಗಿ ಗಾಡಿ ತಿರುಗಿಸುವಾಗ ಮಾತ್ರ, ಆಗ ರಬ್ಬರು ಆ ಒಂದೂವರೆ ಡಿಗ್ರಿಯನ್ನು ಸಹಿಸಿಕೊಳ್ಳುತ್ತದೆ. ವೇಗದಲ್ಲಿ ಬೇಕಾಗುವುದು ಸಣ್ಣ ಕೋನ, ಅಲ್ಲಿ ತ್ರಾಪಿಜ್ಯ ಬಹುತೇಕ ಸರಿ.

14 ಮಿಲಿಮೀಟರ್

ಅಭ್ಯಾಸಕ್ಕೆ ಕೊಟ್ಟ ಲೆಕ್ಕ ನಮ್ಮ ಗಾಡಿಯದೇ. ಬಲಗಡೆ ಎರಡು ಚಕ್ರಗಳ ನಡುವೆ 2500 ಮಿ.ಮೀ, ಎಡಗಡೆ 14 ಮಿ.ಮೀ ಕಡಿಮೆ, ಎಡಬಲದ ನಡುವೆ 1.2 ಮೀ. ಸ್ಟಿಯರಿಂಗ್ ನೇರವಾಗಿ ಹಿಡಿದರೆ ಗಾಡಿ ಎಲ್ಲಿಗೆ ಹೋಗುತ್ತದೆ? ಮುಂದಿನ ಮತ್ತು ಹಿಂದಿನ ಲಂಬಗೆರೆಗಳು ಈಗ ಸಮಾಂತರವಲ್ಲ. 1.2 ಮೀಟರಿಗೆ 14 ಮಿ.ಮೀ ಹತ್ತಿರವಾಗುತ್ತವೆ. 2500 ಮಿ.ಮೀ ಹತ್ತಿರವಾಗಲು ಎಷ್ಟು ದೂರ ಹೋಗಬೇಕು? ಸಮರೂಪ ತ್ರಿಭುಜದಿಂದ 2500ನ್ನು 14ರಿಂದ ಭಾಗಿಸಿ 1.2ರಿಂದ ಗುಣಿಸಿದರೆ ಸುಮಾರು 214 ಮೀ. ಅಂದರೆ ಚಾಲಕ ನೇರ ಹೋಗುತ್ತಿದ್ದೇನೆ ಎಂದುಕೊಂಡಾಗ ಗಾಡಿ 214 ಮೀ ತ್ರಿಜ್ಯದ ವೃತ್ತ ಹಿಡಿದು ಎಡಕ್ಕೆ ಹೊರಟಿರುತ್ತದೆ. ಅಪ್ಪ ವರ್ಷಗಟ್ಟಲೆ ಬಲಕ್ಕೆ ಸ್ವಲ್ಪ ಎಳೆದು ಹಿಡಿದೇ ಓಡಿಸುತ್ತಿದ್ದರು.

ಇನ್ನೊಂದು ಲೆಕ್ಕ ಟೈರಿನದು. 70 ಸೆಂ.ಮೀ ವ್ಯಾಸದ ಚಕ್ರಗಳು ಮುಂಬದಿಯಲ್ಲಿ ಒಟ್ಟು 9 ಮಿ.ಮೀ ಹೊರಕ್ಕೆ, ಅಂದರೆ ಒಂದೊಂದು 4.5 ಮಿ.ಮೀ. 700 ಮಿ.ಮೀಗೆ 4.5 ಆದರೆ ಒಂದು ಕಿಲೋಮೀಟರಿಗೆ ಸುಮಾರು 6.4 ಮೀ. ಪ್ರತಿ ಕಿಲೋಮೀಟರಿನಲ್ಲಿ ಪ್ರತಿ ಮುಂದಿನ ಟೈರು ಅಷ್ಟು ದೂರ ಅಡ್ಡಕ್ಕೆ ಉಜ್ಜಿಕೊಂಡೇ ಹೋಗಬೇಕು. ಈ ಲೆಕ್ಕ ಮುಗಿದಾಗ, ಅಪ್ಪನ ಗೂಡ್ಸ್ ಆಟೋದಲ್ಲಿ ಸಂಜೆ ಹೊತ್ತು ದುಡಿಯುವ ಹುಡುಗನೊಬ್ಬ ನೋಟ್‌ಪುಸ್ತಕದ ಅಂಚಿನಲ್ಲಿ ಟೈರಿನ ಬೆಲೆ ಹಾಕಿಕೊಂಡು ಏನೋ ಗುಣಿಸುತ್ತಿದ್ದ. ಅವನು ಪೂರ್ವಪರೀಕ್ಷೆಯಲ್ಲಿ ಖಾಲಿ ಕಾಗದ ಕೊಟ್ಟವನು.

ಇದನ್ನು ಮಾಡಬಯಸುವ ಸಹಪಾಠಿಗಳಿಗೆ ಒಂದೆರಡು ಮಾತು. ಮೈದಾನದ ಭಾಗಕ್ಕೆ ಹಗ್ಗ ಹಿಗ್ಗದ ನೂಲಿನದಾಗಿರಲಿ. ಪ್ಲಾಸ್ಟಿಕ್ ಹಗ್ಗ ಎಳೆದಷ್ಟು ಉದ್ದವಾಗುತ್ತದೆ. ರಟ್ಟಿನ ತೂತುಗಳನ್ನು ಪಿನ್ನಿನಷ್ಟೇ ಸಣ್ಣದಾಗಿ ಮಾಡಿ. 13.5 ಡಿಗ್ರಿ ಓರೆಯನ್ನು ಕೋನಮಾಪಕದಲ್ಲಿ ಅಳೆಯುವ ಬದಲು, 24 ಸೆಂ.ಮೀ ಆಕ್ಸಲ್ಲಿನ ಮಧ್ಯದಿಂದ 50 ಸೆಂ.ಮೀ ಹಿಂದೆ ಚುಕ್ಕೆ ಇಟ್ಟು ತೋಳನ್ನು ಅದಕ್ಕೆ ಗುರಿಯಿಡುವುದು ಸುಲಭ. ಶಾಲೆಯ ಮುಂದೆ ನಿಂತ ಯಾವುದಾದರೂ ಗಾಡಿಯ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಲು ಚಾಲಕರನ್ನು ಕೇಳಿಕೊಂಡರೆ ಎರಡು ಚಕ್ರಗಳ ಕೋನದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮಕ್ಕಳನ್ನು ಗಾಡಿಯ ಕೆಳಗೆ ಮಾತ್ರ ಬಿಡಬೇಡಿ. ಜಾಕಿಯ ಮೇಲಿನ ಗಾಡಿ ತರಗತಿಯ ಉಪಕರಣವಲ್ಲ.

ಘಟಕ ಪರೀಕ್ಷೆಯಲ್ಲಿ ಅಳಿಸಿಹೋದ ವೃತ್ತದ ಪ್ರಶ್ನೆಯನ್ನು ಮತ್ತೆ ಕೊಟ್ಟಿದ್ದೆ. ಹೆಚ್ಚಿನವರು ಎರಡು ಲಂಬ ಎಳೆದು ಕೇಂದ್ರ ಗುರುತಿಸಿದರು. ಒಬ್ಬಳು ಅಷ್ಟಕ್ಕೆ ನಿಲ್ಲದೆ ಕೆಳಗೆ ಬರೆದಿದ್ದಳು: "ಎರಡು ಸ್ಪರ್ಶಕಗಳು ಸಮಾಂತರವಾಗಿದ್ದರೆ ಲಂಬಗಳು ಒಂದೇ ಗೆರೆಯಾಗುತ್ತವೆ, ಆಗ ಕೇಂದ್ರ ಸ್ಪರ್ಶಬಿಂದುಗಳ ಮಧ್ಯದಲ್ಲಿದೆ. ಎತ್ತಿನ ಗಾಡಿಯಲ್ಲೂ ಒಂದೇ ಗೆರೆ, ಆದರೆ ಅಲ್ಲಿ ಎರಡು ಚಕ್ರಕ್ಕೆ ಎರಡು ವೃತ್ತ, ಅದಕ್ಕೆ ಕೇಂದ್ರ ಆ ಗೆರೆಯ ಮೇಲೆ ಎಲ್ಲಿ ಬೇಕಾದರೂ ಇರಬಹುದು." ಮೌಲ್ಯಮಾಪನದ ಮಾದರಿ ಉತ್ತರದಲ್ಲಿ ಇದಕ್ಕೆ ಅಂಕ ಇರಲಿಲ್ಲ, ಗಣಿತ ಶಿಕ್ಷಕರು ಒಂದು ಅಂಕ ಸೇರಿಸಿ ಪಕ್ಕದಲ್ಲಿ ಸಹಿ ಹಾಕಿದರು.